ಹೋಮಕ್ಕೆ ಎರಡು ಕೊಡ ನೀರು

ಬೆಂಕಿ ಪೂರ್ತಿ ಆರುವ ತನಕ ಬೆನ್ನು ತಿರುಗಿಸಬಾರದು ಎಂಬ ಒಳ್ಳೆಯ ಅಭ್ಯಾಸವೊಂದು ಕೇದಾರನಿಗೆ ಇಲ್ಲದೇ ಹೋಗಿದ್ದರೆ, ಈ ಕತೆ ಊಟದ ಹೊತ್ತಿಗೇ ಮುಗಿದು ಅವನಿಗೊಬ್ಬಳು ಹೆಂಡತಿ ಸಿಕ್ಕಿರುತ್ತಿದ್ದಳು.

ಕೇದಾರ ಚಾಮರಾಜಪೇಟೆಯ ಹುಡುಗ. ಓದಿದ್ದು ಸಸ್ಯಶಾಸ್ತ್ರ, ಮಾಡುವುದು ಬೆಂಕಿ ಹಚ್ಚುವ ಕೆಲಸ. ಗಾಬರಿ ಬೇಡ, ಸಂಬಳ ಕೊಟ್ಟೇ ಹಚ್ಚಿಸುತ್ತಾರೆ. ಬೇಸಿಗೆ ಬಲಿಯುವ ಮುಂಚೆ ಕಾಡಂಚಿನ ಒಣಹುಲ್ಲನ್ನು ಪಟ್ಟೆ ಪಟ್ಟೆಯಾಗಿ ತಾವೇ ಹುಷಾರಾಗಿ ಸುಟ್ಟುಬಿಟ್ಟರೆ, ಮುಂದೆ ನಿಜವಾದ ಕಾಡ್ಗಿಚ್ಚು ಬಂದಾಗ ಅದಕ್ಕೆ ತಿನ್ನಲು ಏನೂ ಸಿಗದೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಮಳೆ ಬೀಳುವವರೆಗೆ ಕಾವಲು. ಜನವರಿಯಿಂದ ಮೇ ತನಕ ಅವನು ಕಾಡಿನಲ್ಲಿ, ಉಳಿದ ತಿಂಗಳು ಬೆಂಗಳೂರಿನಲ್ಲಿ.

ಇದನ್ನೆಲ್ಲ ಎನ್.ಆರ್. ಕಾಲೋನಿಯ ರಾಮಸ್ವಾಮಿಯವರಿಗೆ ಅರ್ಥ ಮಾಡಿಸುವುದು ಹೇಗೆ? ಅವರ ಮಗಳು ಮಾನ್ಯ ಹುಡುಗನನ್ನು ನೋಡಿದ ದಿನವೇ ಒಪ್ಪಿದ್ದಳು. ಕೇದಾರನಂತೂ ಅವಳು ಕಾಫಿ ತಂದಾಗಲೇ ಒಪ್ಪಿ, ಖಾಲಿ ಲೋಟವನ್ನೇ ಇನ್ನೊಂದು ಸಲ ಕುಡಿದಿದ್ದ. ಬಾಕಿ ಇದ್ದದ್ದು ಅಪ್ಪನ ಒಪ್ಪಿಗೆ. "ಭಾನುವಾರ ಮನೇಲಿ ಗಣಪತಿ ಹೋಮ ಇದೆ, ನೀವೊಬ್ರೇ ಬನ್ನಿ. ಊಟ ಆದ್ಮೇಲೆ ಹೂಂನೋ ಉಹೂಂನೋ ಹೇಳ್ಬಿಡ್ತೀನಿ," ಎಂದಿದ್ದರು ರಾಮಸ್ವಾಮಿ. ಸೋಮವಾರ ಬೆಳಗ್ಗೆ ಕೇದಾರ ಕಾಡಿಗೆ ಹೊರಡಬೇಕಿತ್ತು.

ಪಂಚೆ ಉಟ್ಟು ಹೋದವನನ್ನು ಮೊದಲು ಹಿಡಿದವರು ಪಕ್ಕದ ಮನೆಯ ಗಂಗಾಧರಯ್ಯ.

"ಏನ್ ಕೆಲಸದಲ್ಲಿದೀರಿ?"

"ಬೆಂಕಿ ಹಚ್ತೀವಿ ಸರ್. ಕಾಡು ಉಳಿಸೋಕೆ."

"ಹೌದಾ! ನಮ್ಮನೆ ಹಿಂದೆ ಒಂದು ಖಾಲಿ ಸೈಟಿದೆ, ಬರೀ ಗಿಡಗಂಟಿ. ಊಟ ಆದ್ಮೇಲೆ ಅದನ್ನೂ ಸ್ವಲ್ಪ ಉಳಿಸ್ಕೊಡ್ತೀರಾ?"

ಪೂರ್ಣಾಹುತಿ ಮುಗಿದು, ಎಲ್ಲರೂ ಊಟಕ್ಕೆ ಮಹಡಿ ಹತ್ತಿದರು. ರಾಮಸ್ವಾಮಿ ಮೆಟ್ಟಿಲ ಬಳಿ ನಿಂತು, "ಕೇದಾರ್, ನಿಮಗೆ ಹೇಗೂ ಬೆಂಕಿ ಅಭ್ಯಾಸ. ಸ್ವಲ್ಪ ಹೊತ್ತು ಇಲ್ಲೇ ನೋಡ್ಕೊಳ್ತಿರಿ," ಎಂದರು. ಮಾವನವರು ಆಗಲೇ ಮನೆಯ ಜವಾಬ್ದಾರಿ ವಹಿಸಿದರೆಂದು ಕೇದಾರ ಉಬ್ಬಿಹೋದ.

ಸ್ವಲ್ಪ ಹೊತ್ತಿಗೆ ಎದುರು ಮನೆಯ ಭಾಗೀರಥಮ್ಮ ಮಹಡಿಯಿಂದ ಕೂಗಿದರು. "ಏನಪ್ಪಾ, ಎಲೆ ಹಾಕಾಯ್ತು. ಬೇಗ ಬಂದ್ಬಿಡಿ!"

ಹೋಮಕುಂಡದಲ್ಲಿ ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿತ್ತು. ಬೂದಿಗೆ ಕೈ ಹಿಂಬದಿ ತಾಗಿಸಿ ತಣ್ಣಗಿದೆಯೇ ಎಂದು ನೋಡದೆ ಜಾಗ ಬಿಟ್ಟರೆ, ಕಾಡಿನಲ್ಲಿ ಅವರ ತಂಡದ ಮುಖ್ಯಸ್ಥ ದೊಡ್ಡಬೈರಪ್ಪ ಮೂರು ತಲೆಮಾರು ನೆನೆಸಿ ಬೈಯುತ್ತಿದ್ದರು. ಕೇದಾರನ ತಲೆ ಯೋಚಿಸುವುದರೊಳಗೆ ಕೈ ಕೆಲಸ ಮುಗಿಸಿತ್ತು. ಮೂಲೆಯಲ್ಲಿದ್ದ ಎರಡು ಕೊಡ ನೀರನ್ನೂ ಸುರಿದ. ಕೋಲಿನಿಂದ ಕದಡಿದ. ಮುಟ್ಟಿ ನೋಡಿ, ಸಮಾಧಾನದಿಂದ ಎದ್ದು ನಿಂತ.

ಭಾಗೀರಥಮ್ಮ ಮೆಟ್ಟಿಲ ಮೇಲೆ ಬಾಯಿ ತೆರೆದು ನಿಂತಿದ್ದರು. "ಅಯ್ಯಯ್ಯೋ, ಹೋಮಕ್ಕೆ ನೀರು ಹುಯ್ದ್ರಾ! ಅಗ್ನಿ ತಾನಾಗೇ ಶಾಂತ ಆಗ್ಬೇಕು ಕಣಪ್ಪಾ! ನಿಮ್ಮನೇಲಿ ಹೋಮ ಗೀಮ ಮಾಡಲ್ವಾ?"

ಮಾಡುತ್ತಾರೆ. ಕೇದಾರನಿಗೆ ಅದು ನೆನಪಾದದ್ದು ಈಗ.

ಕೂಗು ಕೇಳಿ ಗಂಗಾಧರಯ್ಯ ಎಂಜಲು ಕೈಯಲ್ಲೇ ಇಳಿದು ಬಂದರು. "ಹೆದರ್ಬೇಡಿ. ಪುರೋಹಿತರು ಇನ್ನೂ ಸಾರನ್ನದಲ್ಲಿದಾರೆ. ಮೊಸರನ್ನಕ್ಕೆ ಬರೋದ್ರೊಳಗೆ ಮತ್ತೆ ಹಚ್ಬಿಡೋಣ. ತುಪ್ಪ ಹಾಕಿ!"

ಒದ್ದೆ ಸೌದೆ ಬರೀ ಹೊಗೆ ಕಾರಿತು. "ಇನ್ನಷ್ಟು ಹಾಕಿ," ಎಂದರು ಭಾಗೀರಥಮ್ಮ. "ಜಿಪುಣತನ ಯಾಕೆ?" ಎಂದು ಗಂಗಾಧರಯ್ಯ ಎಡಗೈಯಲ್ಲೇ ಡಬ್ಬಿ ಬೋರಲು ಹಾಕಿದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಭಗ್ಗೆಂದು ಎದ್ದ ಉರಿ ಮೇಲಿನ ಬಣ್ಣದ ಕಾಗದದ ತೋರಣಕ್ಕೆ ಹತ್ತಿಕೊಂಡಿತು. ಕೇದಾರ ಬಚ್ಚಲಿಗೆ ಓಡಿ, ತುಂಬಿದ ಬಕೆಟ್ ತಂದು ಬೀಸಿದ. ತೋರಣ ಆರಿತು, ಹೋಮಕುಂಡ ಎರಡನೇ ಸಲ ಆರಿತು, ಮಿಕ್ಕ ನೀರೆಲ್ಲ ತಾಂಬೂಲ ಜಗಿಯುತ್ತಾ ಮೆಟ್ಟಿಲಿಳಿಯುತ್ತಿದ್ದ ಪುರೋಹಿತರಿಗೆ ಸಂದಿತು.

ಅವರ ಬೆನ್ನ ಹಿಂದೆಯೇ ರಾಮಸ್ವಾಮಿ ಇದ್ದರು.

"ಪ್ರಾಯಶ್ಚಿತ್ತ ಇದೆ, ಮಾಡ್ಕೊಡ್ತೀನಿ," ಎಂದರು ಪುರೋಹಿತರು, ನಡುಗುತ್ತಾ. "ಮೊದ್ಲು ಒಂದು ಒಣಪಂಚೆ ಕೊಡಿ."

ರಾಮಸ್ವಾಮಿಯವರ ಮುಖ ಕೆಂಪಗಾಗಿತ್ತು. "ಅಗ್ನಿಗೆ ನೀರು ಹುಯ್ಯೋ ಕೈಗೆ ನನ್ನ ಮಗಳ ಕೈ ಕೊಡ್ಲಾ?"

"ಅಂಕಲ್, ಬೇಕು ಅಂತ ಮಾಡ್ಲಿಲ್ಲ. ಕೆಲಸದ ಅಭ್ಯಾಸ."

"ಹಾಗಾದ್ರೆ ಕೆಲಸ ಬಿಡಿ. ಈಗ್ಲೇ, ನನ್ನೆದುರಿಗೇ. ಬಿಟ್ರೆ ನನ್ನ ಒಪ್ಪಿಗೆ ಇದೆ."

ಕಾಡಂಚಿನ ಆ ಹುಲ್ಲು, ಮೊದಲ ಮಳೆಗೆ ಸುಟ್ಟ ನೆಲದಲ್ಲಿ ಏಳುವ ಹಸಿರು ಎಂದರೆ ಕೇದಾರನಿಗೆ ಪ್ರಾಣ. ಆದರೆ ಮಾನ್ಯ ಎಂದರೆ ಪ್ರಾಣಕ್ಕಿಂತ ತುಸು ಹೆಚ್ಚು. ಫೋನ್ ತೆಗೆದು, ಸ್ಪೀಕರ್ ಹಾಕಿ, ದೊಡ್ಡಬೈರಪ್ಪನವರಿಗೆ ವಿಷಯ ಹೇಳಿದ.

"ಮದ್ವೆನಾ? ಒಳ್ಳೇದಾಗ್ಲಿ ಬಿಡಪ್ಪ," ಎಂದಿತು ಫೋನು. "ನಿನ್ನ ಜಾಗಕ್ಕೆ ಬರ್ತೀನಿ ಅಂತ ಒಬ್ಬ ಇಲ್ಲೇ ಕುಂತವ್ನೆ. ಅವನ್ನೇ ಜೀಪಿಗೆ ಹತ್ತಿಸ್ಕಂಡು ಈಗ್ಲೇ ಕಾಡೊಳಕ್ಕೆ ಹೊರಡ್ತೀವಿ."

ರಾಮಸ್ವಾಮಿಯವರ ಮುಖ ಅರಳಿತು. ಮಗಳನ್ನು ಕೂಗಿ ಕರೆದರು. ಪಾಯಸದ ಬಟ್ಟಲು ಹಿಡಿದು ಇಳಿದು ಬಂದ ಮಾನ್ಯಳಿಗೆ, "ನೋಡಮ್ಮಾ, ನಿನಗೋಸ್ಕರ ಇವ್ರು ಕಾಡಿನ ಕೆಲಸಾನೇ ಬಿಟ್ಬಿಟ್ರು! ಇನ್ಮೇಲೆ ವರ್ಷಪೂರ್ತಿ ಮನೇಲೇ ಇರ್ತಾರೆ," ಎಂದರು.

ಮಾನ್ಯ ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ವರ್ಷಪೂರ್ತಿನಾ?" ಎಂದಳು. "ಹಾಗಾದ್ರೆ ಬೇಡಪ್ಪಾ. ಐದು ತಿಂಗಳು ಮನೇಲಿರಲ್ಲ ಅಂದಿದ್ರು, ಅದಕ್ಕೇ ನಾನು ಒಪ್ಕೊಂಡಿದ್ದು."

ಕೇದಾರ ಮತ್ತೆ ದೊಡ್ಡಬೈರಪ್ಪನವರ ನಂಬರ್ ಒತ್ತಿ ಫೋನ್ ಕಿವಿಗಿಟ್ಟುಕೊಂಡ. ಗಾಬರಿಯಲ್ಲಿ ಸ್ಪೀಕರನ್ನೂ ಒತ್ತಿದ್ದ.

"ನೀವು ಕರೆ ಮಾಡಿರುವ ಚಂದಾದಾರರು," ಎಂದು ಒಬ್ಬಾಕೆ ಮನೆಗೆಲ್ಲ ಕೇಳುವಂತೆ ಹೇಳಿದಳು, "ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ."