ದೇವರ ಕೋಣೆಯಲ್ಲಿ ಫ್ರಾನ್ಸಿನ ಚಕ್ರವರ್ತಿ

ಫ್ರಾನ್ಸಿನ ಚಕ್ರವರ್ತಿಗಳ ಕಾಲದ ಚಿನ್ನದ ನಾಣ್ಯಗಳ ಹುಚ್ಚು ಹಿಡಿದು, ಅದನ್ನು ಸೋಲಾಪುರದಲ್ಲಿದ್ದುಕೊಂಡೇ ತೀರಿಸಿಕೊಳ್ಳಬೇಕೆಂದರೆ, ಇಂಥವು ನಡೆಯುತ್ತಲೇ ಇರುತ್ತವೆ. ತೊಂಬತ್ತರ ದಶಕದಲ್ಲಿ ಒಂದೇ ನಾಣ್ಯ ನನಗೆ ಇಷ್ಟೆಲ್ಲ ಮಾಡಿತು.

ಅಕ್ಕಸಾಲಿಗ

ಕರಗಿಸಲು ಬಂದ ಹಳೆಯ ಆಭರಣಗಳ ನಡುವೆ ಅದು ಸಿಕ್ಕಿತು. ಅದರ ಮೇಲಿನ ಚಕ್ರವರ್ತಿಗೆ ಚೂಪು ಗಡ್ಡ, ಹುರಿ ಮಾಡಿದ ಮೀಸೆ, ತಲೆಗೆ ಎಲೆಗಳ ಕಿರೀಟ. ಬಹಳ ಅಪರೂಪದ್ದು. ಕೊಂಡೆ.

"ಥಾಂಬಾ ಸಾಹೇಬ್ರ, ನಿಲ್ರಿ, ಮಾರಿ ಮಬ್ಬಾಗ್ಯಾದ. ಪಾಲಿಶ್ ಮಾಡಿ ಕೊಡ್ತೀನಿ, ಫುಕಟ್" ಎಂದು ಅಕ್ಕಸಾಲಿಗ ಆಸಿಡ್ ಬಾಟಲಿಗೆ ಕೈ ಹಾಕಿದ. ಹಳೆಯ ನಾಣ್ಯವನ್ನು ಉಜ್ಜಿದರೆ ಅದರ ಕಥೆ ಮುಗಿದಂತೆ. ಚೀರಿದೆ.

"ಇಷ್ಟ್ಯಾಕ ಒದರತೀರಿ? ನಿಮ್ಮ ಮಾರಿ ತೊಳ್ಯಾಕತ್ತೀನೇನು?"

ಹೆಂಡತಿ

"ಒಂದ ಅದ ಏನು?"

"ಒಂದೇ. ಅದಕ್ಕೇ ಅಪರೂಪ."

"ಕಿವಿ ಎರಡ ಅದಾವ. ಇನ್ನೊಂದು ತರ್ರಿ."

ಅಪರೂಪ ಎಂದರೆ ನಮ್ಮ ಮನೆಯಲ್ಲಿ ಜೋಡಿ ಇನ್ನೂ ಸಿಕ್ಕಿಲ್ಲ ಎಂದಷ್ಟೇ ಅರ್ಥ.

ಅತ್ತೆ

ಚಕ್ರವರ್ತಿಯನ್ನು ಆ ಕಿವಿಗಳಿಂದ ಕಾಪಾಡಲು ಹೆಂಡತಿಯ ತವರು ಅಕ್ಕಲಕೋಟೆಗೇ ಒಯ್ದು ಅತ್ತೆಯ ಕೈಗೆ ಒಪ್ಪಿಸಿದೆ. ಸಂಗ್ರಾಹಕರ ನಿಯಮಗಳನ್ನೂ ಹೇಳಿದೆ. "ಬರಿಗೈಲೆ ಮುಟ್ಟಬ್ಯಾಡ್ರಿ. ಮುಟ್ಟೂದಿದ್ರ ಸ್ವಚ್ಛ ರೇಷ್ಮಿ ಬಟ್ಟಿಲೆ. ಹುಡುಗರ ಕೈಯಾಗ ಕೊಡಬ್ಯಾಡ್ರಿ. ಕಂಡಕಂಡವರಿಗೆ ತೋರಸಬ್ಯಾಡ್ರಿ."

"ಇದೆಲ್ಲಾ ನನಗ ಹೇಳಬೇಕೇನ್ರಿ ಜಾವಯಿಬಾಪು?"

ಮರಳುವ ಬಸ್ಸು ಕುಂಭಾರಿ ಊರು ದಾಟುವವರೆಗೂ ಅತ್ತೆಯ ತಿಳಿವಳಿಕೆಯನ್ನು ಮೆಚ್ಚಿಕೊಳ್ಳುತ್ತಲೇ ಬಂದೆ. ಮುಂದೆ ಎರಡು ವರ್ಷ, ಅದು ಹೇಗಿದೆ ಎಂದು ಕೇಳಿದಾಗಲೆಲ್ಲ "ಆರಾಮ ಅದಾನ" ಎನ್ನುತ್ತಿದ್ದರು. ಚಿನ್ನವೆಂದರೆ ಹೆಂಗಸರಿಗೆ ಪ್ರೀತಿ, ಅದಕ್ಕೇ ಹಾಗೆನ್ನುತ್ತಾರೆ ಎಂದುಕೊಂಡೆ.

ಪುಣೆಯ ತಜ್ಞರು

ಪುಣೆಯಿಂದ ಹಿರಿಯ ಸಂಗ್ರಾಹಕರೊಬ್ಬರು ಬಂದರು. ಮೀಸೆಯ ಒಂದು ಎಳೆಯೂ ಸವೆಯದಿದ್ದರೆ, ಇಂಥದ್ದು ದೇಶದಲ್ಲಿ ಇನ್ನೊಂದಿಲ್ಲ ಎಂದು ಬರೆದುಕೊಡುವುದಾಗಿ ಹೇಳಿದರು. ಹದಿನೈದು ವರ್ಷದ ಹುಚ್ಚಿಗೆ ಇದಕ್ಕಿಂತ ಹೆಚ್ಚಿನ ಬಿರುದಿಲ್ಲ. ಅಕ್ಕಲಕೋಟೆಗೆ ಕರೆದೊಯ್ದೆ.

"ಟ್ರಂಕಿನ್ಯಾಗಿಂದ ತಗೀರಿ" ಎಂದೆ.

"ಟ್ರಂಕಿನ್ಯಾಗ ಯಾರರ ಇಡ್ತಾರೇನ್ರಿ? ಮೊದಲ ಇಬ್ಬರೂ ಜಳಕಾ ಮಾಡ್ರಿ."

ದೇವರ ಕೋಣೆಯಲ್ಲಿ ಕುಲದೇವರ ಮುಖ ಮೂಡಿಸಿದ ಬೆಳ್ಳಿ ಟಾಕುಗಳ ಸಾಲಿನಲ್ಲಿ ಚಕ್ರವರ್ತಿ ಕುಳಿತಿದ್ದ. ಹಣೆಗೆ ಕುಂಕುಮ, ಕಿವಿಗೆ ತುಳಸಿ, ಮುಂದೆ ಹುಗ್ಗಿಯ ನೈವೇದ್ಯ. "ದಿನಾ ಹುಣಸಿಹಣ್ಣು, ರಂಗೋಲಿ ಪುಡಿ ಹಚ್ಚಿ ತಿಕ್ಕಿ, ಹಾಲಾಗ ತೊಳದು, ರೇಷ್ಮಿ ಬಟ್ಟಿಲೆ ಒರಸ್ತೀನ್ರಿ. ಮೈಲಿಗಿ ಕೈ ತಾಗಿಸಿಲ್ಲ. ನೀವು ಹೇಳಿಧಂಗನ."

ದೇವರನ್ನು ಎತ್ತುವಂತಿಲ್ಲ. ತಜ್ಞರು ನನ್ನ ಮಾವನ ಮಡಿ ಉಟ್ಟು, ನೆಲದ ಮೇಲೆ ಉದ್ದಕ್ಕೆ ಮಲಗಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಎಂಥಾ ಭಕ್ತಿ ನೋಡ್ರಿ ಅವರದು. ಕಲೀರಿ ಒಂದಿಷ್ಟು" ಎಂದರು ಅತ್ತೆ.

ತಜ್ಞರು ಎದ್ದರು. "ಮಿಶಾ ಗೇಲ್ಯಾ ಸಾಹೇಬ. ದಾಢೀಸುದ್ಧಾ." ಮೀಸೆ ಹೋಗಿತ್ತು, ಗಡ್ಡವೂ ಹೋಗಿತ್ತು.

"ಹೌದ್ರಿ" ಅತ್ತೆ ಕೈ ಮುಗಿದರು. "ಬಂದಾಗ ಭಾಳ ಸಿಟ್ಟಿನ ಮಾರಿ ಇತ್ತು. ಈಗ ಎಷ್ಟ ಶಾಂತ ಆಗ್ಯಾನ!"

ಉಳಿದಷ್ಟಾದರೂ ಉಳಿಯಲಿ ಎಂದು ನಾಣ್ಯವನ್ನು ವಾಪಸು ಕೇಳಿದೆ.

"ಕುಂಡ್ರಿಸಿದ ದೇವರನ್ನ ಎಬ್ಬಸ್ತಾರೇನ್ರಿ? ಬೇಕಾದಾಗ ದರ್ಶನಕ್ಕ ಬರ್ರಿ."

ಈ ಚಕ್ರವರ್ತಿಯನ್ನು ಫ್ರಾನ್ಸಿನವರು ಒಮ್ಮೆ ಪೀಠದಿಂದ ಇಳಿಸಿದ್ದರಂತೆ. ಅವರಿಗೇನು, ನಡುವೆ ನನ್ನ ಅತ್ತೆ ಇರಲಿಲ್ಲ.