ಎಡಕ್ಕೇ ನಿಂತ ಕತ್ತು

ಅತ್ತೆ ಬಂದದ್ದೇ ಎಡವಟ್ಟಾಯಿತು. ಅವರಿಗೆ ಮಂಚ ಬಿಟ್ಟುಕೊಟ್ಟು ಏಣಿ ಹಾಲಿನ ಸೋಫಾದಲ್ಲಿ ಮಲಗಿದಳು. ಏಣಿ ಅನ್ನುವುದು ಕಾಲೇಜಿನವರು ಇಟ್ಟ ಹೆಸರು. ಮಹಿಳಾ ಬಾಸ್ಕೆಟ್‌ಬಾಲ್ ತಂಡದಲ್ಲಿ ಅವಳಷ್ಟು ಉದ್ದದವರು ಇನ್ನೊಬ್ಬರಿರಲಿಲ್ಲ. ಸೋಫಾ ಮಾತ್ರ ಗಿಡ್ಡ ಸಂಸಾರಕ್ಕೆಂದು ಮಾಡಿಸಿದ್ದು. ಬೆಳಗ್ಗೆ ಎದ್ದಾಗ ಕತ್ತು ಎಡಕ್ಕೆ ವಾಲಿ, ಅಲ್ಲೇ ಬೀಗ ಹಾಕಿಕೊಂಡಿತ್ತು.

ಅವಳ ಕಾಲೇಜಿನ ಕೊನೆಯ ಪಂದ್ಯ ಆವತ್ತೇ. ವಿದ್ಯುತ್ ಮಂಡಳಿಯ ತಂಡಕ್ಕೆ ಒಬ್ಬಳನ್ನು ಆರಿಸಲು ಯಾರೋ ಬರುವವರಿದ್ದರು. ಆಯ್ಕೆಯಾದರೆ ಆಟದ ಜೊತೆಗೆ ನೌಕರಿ. ಇಲ್ಲದಿದ್ದರೆ ಅಪ್ಪನ ಕನ್ನಡಕದಂಗಡಿಯಲ್ಲಿ ಗಾಜು ಒರೆಸುವುದು. ಅಪ್ಪ ಆಗಲೇ ಅವಳಿಗೊಂದು ಸ್ಟೂಲು ತಂದಿಟ್ಟಿದ್ದರು.

"ಅಯ್ಯೋ, ಕತ್ತು ಹಿಡ್ಕೊಂಡಿದೆಯೇನೇ!" ಎಂದು ಅಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಎದುರುಮನೆಯ ನಿವೃತ್ತ ಕಂಪೌಂಡರು ಕರೆಯದೇ ಬಂದರು.

"ಬಿಸಿನೀರಿನ ಚೀಲ ಇಡಿ."

"ಬಿಸಿನಾ? ಮಗೂನ ಕೊಲ್ತೀರಾ? ಐಸ್ ಇಡ್ಬೇಕು!" ಮಹಡಿ ಮನೆಯ ವ್ಯಾಯಾಮದ ಟೀಚರು ಮೆಟ್ಟಿಲಿಂದಲೇ ಗುಡುಗಿದರು.

ಇಬ್ಬರೂ ಹಟ ಬಿಡಲಿಲ್ಲ. ಕತ್ತಿನ ಒಂದು ಕಡೆ ಬಿಸಿ, ಇನ್ನೊಂದು ಕಡೆ ಐಸ್ ಇಟ್ಟುಕೊಂಡು ಏಣಿ ಏಕಕಾಲಕ್ಕೆ ಬೆವರಿದಳು, ನಡುಗಿದಳು. ಇದಕ್ಕೆಲ್ಲ ತಾನೇ ಮೂಲ ಅನ್ನುವುದನ್ನು ಮರೆತಿದ್ದ ಅತ್ತೆ, "ನಮ್ಮ ಕಡೆ ಎಮ್ಮೆಗೆ ಹೀಗಾದ್ರೆ ಒಂದೇ ಸಲಕ್ಕೆ ತಿರುಗಿಸಿಬಿಡ್ತಾರೆ," ಎನ್ನುತ್ತ ಅವಳ ಗಲ್ಲ ಹಿಡಿದು ತಿರುಚಿಯೇಬಿಟ್ಟರು. ಕಟಕ್! ಅಲ್ಲಿಯವರೆಗೆ ಕಷ್ಟಪಟ್ಟರೆ ನೇರ ನೋಡಬಹುದಾಗಿದ್ದ ಏಣಿಯ ಮುಖ ಈಗ ಎಡಭುಜದ ಮೇಲೆ ಖಾಯಂ ಆಯಿತು.

"ನೋಡಿದ್ರಾ, ಅಲ್ಲಾಡ್ತು!" ಎಂದರು ಅತ್ತೆ, ಹೆಮ್ಮೆಯಿಂದ.

ಬಸ್ಸಿನಲ್ಲಿ ಅವಳ ಎಡಕ್ಕೆ ಪೊದೆ ಮೀಸೆಯವರೊಬ್ಬರು ಕೂತಿದ್ದರು. ಎರಡು ನಿಲ್ದಾಣ ತಡೆದುಕೊಂಡರು.

"ಏನಮ್ಮಾ, ನನ್ನ ಮುಖದಲ್ಲಿ ಏನಾದ್ರೂ ಬರ್ದಿದೆಯಾ?"

"ಇಲ್ಲ ಸರ್, ಕಿಟಕಿ ನೋಡ್ತಿದೀನಿ."

"ಕಿಟಕಿ ಆ ಕಡೆ ಇದೆ."

ಅವರು ಎದ್ದು ಹೋಗಿ ಡ್ರೈವರ್ ಹಿಂದೆ ನಿಂತರು. ಇಳಿಯುವಾಗಲೂ ಇವಳ ದೃಷ್ಟಿ ತಮ್ಮ ಮೇಲೇ ಇದ್ದದ್ದು ಕಂಡು ಶರ್ಟಿನ ಗುಂಡಿ ಸರಿಮಾಡಿಕೊಂಡರು.

ಕೋಚ್ ಮೇಡಂಗೆ ಗೊತ್ತಾದರೆ ಬೆಂಚಿನ ಮೇಲೆ ಕೂರಿಸುವುದು ಗ್ಯಾರಂಟಿ. ಆದ್ದರಿಂದ ಏಣಿ ಬಾಯಿ ಬಿಡಲಿಲ್ಲ. ಎಡಭುಜ ಮುಂದೆ ಮಾಡಿಕೊಂಡು ಏಡಿಯ ಹಾಗೆ ಅಂಗಳಕ್ಕಿಳಿದಳು.

"ಯಾಕೇ ಆ ಕಡೆ ಮುಖ? ನನ್ನ ಮೇಲೆ ಕೋಪಾನಾ?" ಎಂದರು ಮೇಡಂ.

"ಎದುರಾಳಿಗಳನ್ನ ಗಮನಿಸ್ತಿದೀನಿ ಮೇಡಂ."

"ಶಹಬ್ಬಾಸ್! ನೋಡ್ರೇ, ಇವಳನ್ನ ನೋಡಿ ಕಲೀರಿ."

ಪಂದ್ಯ ಶುರುವಾಯಿತು. ಎಡಕ್ಕೆ ತಂಡದ ನಾಯಕಿ ಇದ್ದಳು. ಎಂದಿನಂತೆ ಚೆಂಡೆಲ್ಲ ಅವಳಿಗೇ ಹೋಗಬೇಕಿತ್ತು. ಆದರೆ ಏಣಿ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದುದರಿಂದ ಎದುರಾಳಿಗಳು ಮೂವರು ಬಂದು ನಾಯಕಿಯನ್ನು ಬೆಲ್ಲದ ಅಚ್ಚಿಗೆ ಇರುವೆಯಂತೆ ಮುತ್ತಿಕೊಂಡರು. ಬೇರೆ ದಾರಿ ಕಾಣದೆ ಏಣಿ ದೇವರ ಮೇಲೆ ಭಾರ ಹಾಕಿ ಚೆಂಡನ್ನು ಬಲಕ್ಕೆ ಎಸೆದಳು.

ಬಲಕ್ಕಿದ್ದದ್ದು ಮಿಡತೆ. ತಂಡದಲ್ಲೇ ಕುಳ್ಳಿ. ಇಡೀ ವರ್ಷ ಅವಳ ಕೈಗೆ ಚೆಂಡು ಬಂದದ್ದೇ ಅಪರೂಪ. ಪ್ರೇಕ್ಷಕರ ಜೋರು ಕೂಗು ಕೇಳಿಯೇ ಏಣಿಗೆ ಗೊತ್ತಾದದ್ದು, ಚೆಂಡು ಬುಟ್ಟಿಗೆ ಬಿತ್ತೆಂದು.

ಮತ್ತೆ ಎಡಕ್ಕೆ ನೋಟ, ಬಲಕ್ಕೆ ಎಸೆತ. ಮತ್ತೆ ಬುಟ್ಟಿ. ಎದುರಾಳಿ ತಂಡದವರು ಒಬ್ಬರಿಗೊಬ್ಬರು ಬೈದುಕೊಳ್ಳತೊಡಗಿದರು. "ಅವಳ ಕಣ್ಣು ನೋಡ್ಬೇಡ್ರೇ, ಮಾಯಗಾತಿ ಅವಳು!" ಪ್ರೇಕ್ಷಕರು ಏಣಿಯ ಹೆಸರು ಕೂಗಿದರು. ನೋವಿಗೆ ಅವಳ ಕಣ್ಣಲ್ಲಿ ನೀರಾಡಿದ್ದನ್ನು ಜನ ಆನಂದಬಾಷ್ಪ ಅಂದುಕೊಂಡರು.

ಪಂದ್ಯ ಗೆದ್ದರು. ವಿದ್ಯುತ್ ಮಂಡಳಿಯ ಆಯ್ಕೆಗಾರ್ತಿ, ಬಾಬ್ ಕಟ್ಟಿನ ದಪ್ಪ ದನಿಯ ಹೆಂಗಸು, ಅಂಗಳಕ್ಕೆ ಇಳಿದು ಬಂದರು. ಕೋಚ್ ಮೇಡಂ ಏಣಿಯ ಬೆನ್ನು ತಟ್ಟಿ ಮುಂದೆ ತಳ್ಳಿದರು.

"ಇವಳೇ ಮೇಡಂ. ನೋಡದೇನೇ ಪಾಸ್ ಕೊಡ್ತಾಳೆ. ನಾನೇ ಕಲಿಸಿದ್ದು."

ಆಯ್ಕೆಗಾರ್ತಿ ಏಣಿಯ ಎಡಕ್ಕೆ ಬಂದು ನಿಂತದ್ದು ಪುಣ್ಯ. ಕಣ್ಣಿಗೆ ಕಣ್ಣಿಟ್ಟು ಮುಗುಳ್ನಗಲು ಸಾಧ್ಯವಾಯಿತು.

"ಅದನ್ನೇ ನಾನೂ ನೋಡ್ತಾ ಇದ್ದೆ," ಎಂದರು ಆಕೆ. "ಈ ಹುಡುಗಿ ಒಂದು ಸಲಾನಾದ್ರೂ ನೋಡಿ ಎಸೆದಿಲ್ಲ. ಒಂದು ಮೊಣಕಾಲಿಗೆ ಹೋಗತ್ತೆ, ಒಂದು ತಲೆ ಮೇಲೆ ಹೋಗತ್ತೆ, ಒಂದಂತೂ ನನ್ನ ಟೀ ಲೋಟಕ್ಕೇ ಬರ್ತಿತ್ತು. ಅಂಥ ಚೆಂಡನ್ನೆಲ್ಲ ಹಾರಿ, ಬಿದ್ದು, ಹೊರಳಾಡಿ ಹಿಡಿದು ಬುಟ್ಟಿಗೆ ಹಾಕಿದ್ಲಲ್ಲ, ಬಲಗಡೆಯ ಕುಳ್ಳಿ! ಇಪ್ಪತ್ತು ವರ್ಷದಲ್ಲಿ ಅಂಥ ಕೈ ನಾನು ಕಂಡಿಲ್ಲ. ಅವಳು ಬೇಕು ನಮಗೆ. ಎಲ್ಲಿದ್ದಾಳೆ?"

ಎಲ್ಲರೂ ಒಟ್ಟಿಗೆ ಬಲಕ್ಕೆ ತಿರುಗಿದರು. ಏಣಿಯೂ ಮರೆತು ತಿರುಗಿದಳು. ಕತ್ತಿನೊಳಗೆ ಏನೋ ಸಡಿಲಾಗಿ, ಬೆಣ್ಣೆಯಲ್ಲಿ ಚಾಕು ಆಡಿದಂತೆ ತಲೆ ಸಲೀಸಾಗಿ ಆ ಕಡೆ ಹೊರಳಿತು. ಬೆಳಗ್ಗೆಯಿಂದ ಮೊದಲ ಬಾರಿಗೆ ಅವಳಿಗೆ ಬಲಗಡೆ ಕಂಡಿತು. ಅಲ್ಲಿ ಮಿಡತೆ, ಮಂಡಿ ತರಚಿಕೊಂಡು, ಒಂದು ಕಾಲಿನ ಬೂಟು ಕೈಯಲ್ಲಿ ಹಿಡಿದು, ಬಾಯಿ ಬಿಟ್ಟು ನಿಂತಿದ್ದಳು.

"ನಾನಾ?" ಎಂದಳು ಮಿಡತೆ.

"ಹೂಂ ಕಣೇ, ನೀನೇ," ಎಂದಳು ಏಣಿ, ಅವಳ ಮುಖವನ್ನು ನೇರವಾಗಿ ನೋಡುತ್ತ.