ಮಾನೇಸರದ ಇಂಗ್ಲಿಷ್ ಪಬ್ಬಿನಲ್ಲಿ ನಾವಿಬ್ಬರು

ಹೋಟೆಲಿನವನನ್ನು ಯಾರೂ ಹೋಟೆಲಿಗೆ ಊಟಕ್ಕೆ ಕರೆಯಬಾರದು. ಕರೆದವರಿಗೂ ಸುಖವಿಲ್ಲ, ಅವನಿಗೂ ಸುಖವಿಲ್ಲ, ಆ ಹೋಟೆಲಿನವರಿಗಂತೂ ಇಲ್ಲವೇ ಇಲ್ಲ. ಬೇರೆಯವರು ಒಳಗೆ ಹೋದ ಕೂಡಲೇ ಮೆನು ನೋಡುತ್ತಾರೆ, ನಾನು ಮೇಜಿನ ಕಾಲು ನೋಡುತ್ತೇನೆ. ಲಟಪಟ ಎನ್ನುತ್ತಿದ್ದರೆ ಕಾಗದ ಮಡಚಿ ಕೆಳಗೆ ತುರುಕುವವರೆಗೆ ನನಗೆ ಹಸಿವಾಗುವುದಿಲ್ಲ. ದೆಹಲಿಯ ಆರ್.ಕೆ.ಪುರಂನಲ್ಲಿ ನಮ್ಮವರ ಯಾರದೋ ಮದುವೆ ಊಟಕ್ಕೆ ಕೂತಿದ್ದಾಗ ಎದುರಿನ ಸಾಲಿಗೆ ಸಾರು ಬರಲಿಲ್ಲವೆಂದು ನಾನೇ ಎದ್ದು ಹೋಗಿ ಬಕೆಟ್ಟು ಹಿಡಿದದ್ದುಂಟು. ಆ ಮದುವೆಗೆ ಹೋದವರಲ್ಲಿ ಕೆಲವರು ಇಂದಿಗೂ ನನ್ನನ್ನು ಅಡಿಗೆ ಕಾಂಟ್ರಾಕ್ಟಿನವನೆಂದೇ ತಿಳಿದಿದ್ದಾರೆ.

ಮುನಿರ್ಕಾದ ಒಂದು ಇಕ್ಕಟ್ಟಿನ ಗಲ್ಲಿಯಲ್ಲಿ ನನ್ನದೊಂದು ಇಡ್ಲಿ ದೋಸೆಯ ಹೋಟೆಲು. ಕುಂದಾಪುರದ ಕಡೆಯಿಂದ ನನ್ನನ್ನು ದೆಹಲಿಗೆ ಕರೆತಂದವರು ದೊಡ್ಡಪ್ಪ. ಗಲ್ಲಾದ ಮೇಲೆ ಮೊದಲ ಬಾರಿ ಕೂರಿಸಿದಾಗ ಅವರು ಹೇಳಿಕೊಟ್ಟ ವಿದ್ಯೆ ಒಂದೇ. "ಎಲ್ಲಿ ಕೂತರೂ ಟೇಬಲುಗಳ ಕಡೆ ಮುಖ ಇರಬೇಕು. ಗಿರಾಕಿಗೆ ಬೆನ್ನು ಹಾಕಿ ಕೂತದ್ದು ಕಂಡರೆ ಕಪಾಳಕ್ಕೆ ಬಾರಿಸ್ತೇನೆ." ದೊಡ್ಡಪ್ಪ ಹೋಗಿ ಬಹಳ ಕಾಲವಾಯಿತು. ಆದರೆ ಇವತ್ತಿಗೂ ಬೆನ್ನ ಹಿಂದೆ ಒಂದು ಮೇಜಿದೆ ಎಂದು ಗೊತ್ತಾದರೆ ನನ್ನ ಕೆನ್ನೆ ಬೆಚ್ಚಗಾಗುತ್ತದೆ.

ಈಚೆಗೆ ಆ ಮೇಜುಗಳಲ್ಲಿ ನೋಡುವಂಥದ್ದು ಹೆಚ್ಚೇನೂ ಉಳಿದಿಲ್ಲ. ಒಂದು ಕಾಲಕ್ಕೆ ಯುನಿವರ್ಸಿಟಿಯ ಹುಡುಗರು ಒಂದು ಕಾಫಿ ಹಿಡಿದು ಪ್ರಪಂಚವನ್ನೆಲ್ಲ ಸರಿಮಾಡಿ ಏಳುತ್ತಿದ್ದರು. ಈಗಿನವರು ರೂಮಿನಲ್ಲೇ ಕೂತು ಮೊಬೈಲಿನಲ್ಲಿ ಮೋಮೋ ತರಿಸಿಕೊಳ್ಳುತ್ತಾರೆ. ಅದು ಸಾಲದೆಂಬಂತೆ ಕಟ್ಟಡದ ಮಾಲೀಕ ಚೌಧರಿ ಬಂದು, ಇದನ್ನು ಕೆಡವಿ ಮೇಲೆ ಮೇಲೆ ಮಹಡಿ ಕಟ್ಟುತ್ತೇನೆ ಎಂದ. ಒಳ್ಳೆಯ ಮನುಷ್ಯನೇ. "ಪೀಛೆ ವಾಲಿ ಗಲಿ ಮೇಂ ಏಕ್ ದುಕಾನ್ ಹೈ, ಆಪ್ ಕೇ ಲಿಯೇ ರಖ್ ದೂಂ? ಸೋಮವಾರ್ ತಕ್ ಬತಾ ದೋ," ಎಂದು ಹಿಂದಿನ ಗಲ್ಲಿಯ ಅಂಗಡಿ ಬೇಕೋ ಬೇಡವೋ ಹೇಳಲು ಸೋಮವಾರದವರೆಗೆ ಗಡುವು ಕೊಟ್ಟು, ಕಾಫಿ ಕುಡಿದು ಹೋದ.

ನನ್ನ ಹೆಂಡತಿ ವಾರಿಜ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಚಟ್ನಿ, ಪಲ್ಯ, ಸಾಂಬಾರಿನ ಪುಡಿ ಎಲ್ಲ ಅವಳದೇ ಕೈ. ಮದುವೆಯಾಗಿ ಬಂದಂದಿನಿಂದ ನಿಂತು ನಿಂತು ಅವಳ ಮೊಣಕಾಲು ಸೋತಿದೆ. ಅವಳು ಹೇಳಿದ್ದು ಒಂದೇ ಮಾತು, "ಇನ್ನು ಸಾಕು ಮಾಡುವ." ನಾನು "ಹೂಂ, ನೋಡುವ" ಎಂದೆ. ವಡೆ ಮುಗಿದಿದ್ದರೂ ಗಿರಾಕಿ ಎದ್ದು ಹೋಗದಿರಲಿ ಎಂದು ನಾವು ಹೇಳುವ ಮಾತು ಅದು. ಅವಳಿಗೆ ಅದು ಗೊತ್ತಿಲ್ಲದೇ ಇಲ್ಲ.

ಇದರ ನಡುವೆ ಬಂದವಳು ನಮ್ಮ ಮಗಳು ಶ್ರುತಿ. ಗುರುಗ್ರಾಮದ ಕಂಪೆನಿಯಲ್ಲಿ ಅವಳ ಕೆಲಸ, ಕನ್ನಡ ಅರ್ಧ, ಉಳಿದದ್ದು ಏನೇನೋ. "ಅಪ್ಪಾ, ಮಾನೇಸರ್ ದಾಟಿ ಒಂದು ಇಂಗ್ಲಿಷ್ ಕಂಟ್ರಿ ಪಬ್ ಇದೆ, ಫುಲ್ ಹಿಸ್ಟಾರಿಕ್. ಮೇಲೆ ರೂಮ್ಸ್ ಕೂಡ ಇದೆ. ಶನಿವಾರ ನೈಟ್ ಬುಕ್ ಕರ್ ದಿಯಾ. ಅಮ್ಮಂಗೆ ಒಂದ್ಸಲ ಆರಾಮಾಗಿ ಕೂತು ಖಾನಾ ತಿನ್ನಿಸು. ಪ್ಲೀಸ್, ಡ್ರಾಮಾ ಬೇಡ." ಹರಿಯಾಣದಲ್ಲಿ ಹಿಸ್ಟಾರಿಕ್ ಇಂಗ್ಲಿಷ್ ಪಬ್ಬು ಎಲ್ಲಿಂದ ಬಂತು ಎಂದು ನಾನು ಕೇಳಿದೆ. ಅದಕ್ಕೆ ಅವಳು, "ಅಪ್ಪಾ, ಡ್ರಾಮಾ," ಎಂದಳು. ವಾರಿಜ ಅಷ್ಟರಲ್ಲಾಗಲೇ ಒಳಗೆ ಹೋಗಿ ಒಳ್ಳೆಯ ಸೀರೆಯನ್ನು ಬಿಸಿಲಿಗೆ ಹಾಕಿದ್ದಳು.

ಪಬ್ಬು ಎಲ್ಲಿಂದ ಬಂತೆಂದರೆ ಹಡಗಿನಲ್ಲಿ ಬಂತು. ಕಾರ್ಖಾನೆಗಳ ಸಾಲು ದಾಟಿ, ಅರಾವಳಿಯ ಒಣ ಗುಡ್ಡದ ಕಡೆ ತಿರುಗಿದರೆ ಜಾಲಿ ಮುಳ್ಳಿನ ನಡುವೆ ನರಿಯ ಚಿತ್ರದ ಬೋರ್ಡು ನೇತಾಡುತ್ತಿತ್ತು. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ತಲೆತಲಾಂತರದಿಂದ ನಡೆದ ಪಬ್ಬೊಂದು ಮುಚ್ಚಿಹೋಗಿ, ಅದರ ತೊಲೆ, ಬಾಗಿಲು, ಕೌಂಟರು, ಬೆಂಚುಗಳನ್ನು ಬಿಚ್ಚಿ ಇಲ್ಲಿಗೆ ತಂದು ಮತ್ತೆ ಜೋಡಿಸಿದ್ದಾರಂತೆ. ಮ್ಯಾನೇಜರು ಬಾಗಿಲಲ್ಲೇ ನಿಂತು ಹೆಮ್ಮೆಯಿಂದ ಹೇಳಿದ. ಜೂನ್ ತಿಂಗಳಲ್ಲಿ ಉರಿಯದ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಏಸಿ ಗುಂಯ್‌ಗುಡುತ್ತಿತ್ತು. ನಾನು ಕೌಂಟರಿನ ಅಂಚಿನ ಮೇಲೆ ಕೈಯಾಡಿಸಿದೆ. ಒಂದು ಜಾಗದಲ್ಲಿ ಮರ ಸವೆದು ತಗ್ಗಾಗಿತ್ತು. ಮಾಲೀಕ ದಿನವೂ ಮೊಣಕೈ ಊರುತ್ತಿದ್ದ ಜಾಗ. ನನ್ನ ಗಲ್ಲಾದ ಮೇಜಿಗೂ ಅಂಥದೇ ತಗ್ಗಿದೆ. ಬಾಗಿಲು ಹಾಕಿದ ಮರುದಿನ ಬೆಳಿಗ್ಗೆ ಆ ಮನುಷ್ಯ ಎದ್ದು ಏನು ಮಾಡಿರಬಹುದು ಎಂದು ಯೋಚಿಸಿ ನನಗೆ ಬಹಳ ಬೇಸರವಾಯಿತು. ವಾರಿಜ, "ಎಷ್ಟು ಚಂದ ಉಂಟಲ್ಲ," ಎಂದಳು. ನಾನು ಹೂಂ ಎಂದೆ.

ಮೂಲೆಯ ಕಿಟಕಿಯ ಹತ್ತಿರ ನಮ್ಮ ಮೇಜು. "ಹೋಯ್, ನೀವು ಈ ಕುರ್ಚಿಯಲ್ಲಿ ಕೂತ್ಕೊಳ್ಳಿ, ಗುಡ್ಡ ಕಾಣ್ತದೆ," ಎಂದು ವಾರಿಜ ಕಿಟಕಿಯ ಕಡೆ ಮುಖ ಮಾಡಿದ ಕುರ್ಚಿ ಎಳೆದಳು. ಅದರಲ್ಲಿ ಕೂತರೆ ಇಡೀ ಪಬ್ಬು ಬೆನ್ನಿಗೆ. "ನೀನೇ ನೋಡು ಗುಡ್ಡ," ಎಂದು ನಾನು ಇನ್ನೊಂದರಲ್ಲಿ ಕೂತೆ. ಮುಂದಿನ ಅನಾಹುತಕ್ಕೆಲ್ಲ ಮೂಲ ಆ ಕುರ್ಚಿ.

ಕೂತೆವು. ಯಾರೂ ಬರಲಿಲ್ಲ. ನಮ್ಮಲ್ಲಿ ಗಿರಾಕಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ನೀರಿನ ಲೋಟ ಟಪ್ಪೆಂದು ಎದುರಿಗೆ ಬಂದಿರಬೇಕು. ಇಲ್ಲಿ ನೀರೂ ಇಲ್ಲ, ನೋಟವೂ ಇಲ್ಲ. ನನಗೆ ಒಳಗೊಳಗೇ ಖುಷಿ. "ನೋಡಿದ್ಯಾ, ಹೀಗೆ ನಡೆಸಿದ್ರೆ ಅಲ್ಲಿ ಮುಚ್ಚದೆ ಮತ್ತೇನಾಗ್ತದೆ," ಎಂದು ಆ ಬಡಪಾಯಿ ಇಂಗ್ಲಿಷಿನವನ ಮೇಲೆ ಆಗಷ್ಟೇ ತೋರಿಸಿದ್ದ ಕನಿಕರವನ್ನು ವಾಪಸು ತೆಗೆದುಕೊಂಡೆ. ಬಹಳ ಹೊತ್ತಿನ ಮೇಲೆ ಮ್ಯಾನೇಜರು ಆ ಕಡೆ ಹಾದುಹೋಗುವಾಗ, ಪಬ್ಬಿನ ಸಂಪ್ರದಾಯದಂತೆ ಬೇಕಾದ್ದನ್ನು ಕೌಂಟರಿಗೆ ಹೋಗಿ ಹೇಳಬೇಕು, ಕುಡಿಯುವುದನ್ನು ನಾವೇ ತರಬೇಕು, ತಿನ್ನುವುದನ್ನು ಮಾತ್ರ ಅವರು ತಂದುಕೊಡುತ್ತಾರೆ ಎಂದು ತಿಳಿಸಿದ. ನಾವು ಕೂತಲ್ಲೇ ಸತ್ತಿದ್ದರೂ ಸಂಪ್ರದಾಯಕ್ಕೇನೂ ಭಂಗವಿರುತ್ತಿರಲಿಲ್ಲ.

ನಾನು ಏಳುತ್ತಿದ್ದಾಗ ವಾರಿಜ ಮೆಲ್ಲಗೆ, "ನಂಗೊಂದು ಬಿಯರ್ ತನ್ನಿ," ಎಂದಳು. ನಾನು ಮತ್ತೆ ಕೂತೆ. "ಎಂತ ನೋಡ್ತೀರಿ? ರುಚಿ ಹೇಗುಂಟು ಅಂತ ಒಂದ್ಸಲ ನೋಡ್ಬೇಕು. ಇಷ್ಟು ವರ್ಷ ಬೇರೆಯವರ ಬಾಯಿರುಚಿ ನೋಡಿದ್ದಾಯ್ತು." ಇಬ್ಬರಿಗೂ ಅಣಬೆಯ ಪೈ, ಅವಳಿಗೆ ಬಿಯರು, ನನಗೆ ಶುಂಠಿ ಸೋಡಾ ಹೇಳಿ, ಗ್ಲಾಸುಗಳನ್ನು ತಂದಿಟ್ಟೆ. ಅವಳು ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಕಷಾಯ. ತಣ್ಣಗಾದ ಕಷಾಯ," ಎಂದು ಮತ್ತೊಂದು ಗುಟುಕು ಕುಡಿದಳು. ಆಮೇಲೆ ಗ್ಲಾಸು ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, "ಒಂದು ಮಾತು ಹೇಳ್ಬೇಕಿತ್ತು ನಿಮ್ಮತ್ರ," ಎಂದಳು.

ಹಾಳು ಕಣ್ಣು ಆಗಲೇ ಅವಳ ಹೆಗಲಿನ ಮೇಲಿಂದ ದಾಟಿ ಪಕ್ಕದ ಮೇಜಿಗೆ ಹೋಗಿತ್ತು. ಮಾನೇಸರದ ಯಾವುದೋ ಕಾರ್ಖಾನೆಯ ಆಫೀಸಿನವರು ಪಾರ್ಟಿಗೆ ಬಂದಿದ್ದರು. ಮೇಜಿನ ತುಂಬ ಖಾಲಿ ಗ್ಲಾಸು, ಎಂಜಲು ತಟ್ಟೆ. ಅದರ ಅಂಚಿನಲ್ಲಿ ಒಂದು ಗ್ಲಾಸು ಈಗ ಬಿತ್ತು ಆಗ ಬಿತ್ತು ಎಂಬಂತಿತ್ತು. "ಒಂದೇ ನಿಮಿಷ," ಎಂದು ಎದ್ದು ಹೋಗಿ ಅದನ್ನು ಒಳಕ್ಕೆ ಸರಿಸಿದೆ. ಸರಿಸಿ ಸುಮ್ಮನೆ ಬರಬೇಕಿತ್ತು. ಆದರೆ ನನ್ನ ಬಲಗೈಗೆ ಖಾಲಿ ಗ್ಲಾಸು ಕಂಡರೆ ಐದೂ ಬೆರಳು ತಾವಾಗಿಯೇ ಐದು ಗ್ಲಾಸಿನೊಳಗೆ ಇಳಿಯುತ್ತವೆ. ಅಲ್ಲಿನ ಸಪ್ಲೈಯರುಗಳೂ ಬಿಳಿ ಅಂಗಿ, ಕಪ್ಪು ಪ್ಯಾಂಟು. ನಾನೂ ಶ್ರುತಿ ಕೊಡಿಸಿದ ಬಿಳಿ ಅಂಗಿ, ಕಪ್ಪು ಪ್ಯಾಂಟು. ಕೆಂಪು ಟೈಯ ಒಬ್ಬಾತ ನನ್ನತ್ತ ತಿರುಗಿಯೂ ನೋಡದೆ, "ಭಯ್ಯಾ, ಟೇಬಲ್ ಸಾಫ್ ಕರ್ ದೋ, ಔರ್ ಚಾರ್ ಪ್ಲೇಟ್ ಚಿಪ್ಸ್," ಎಂದ.

ನಾನು ಗೆಸ್ಟು, ಮೇಲೆ ನನ್ನ ಹೆಸರಿನಲ್ಲಿ ರೂಮಿದೆ ಎಂದು ಹೇಳಬೇಕಾದ ಜಾಗ ಅದು. ನನ್ನ ಬಾಯಿ "ಜೀ ಸರ್, ಅಭೀ ಲಾಯಾ," ಎಂದಿತು.

ಆಮೇಲೆ ಏನಾಯಿತೆಂದು ವಿವರಿಸುವುದು ಕಷ್ಟ. ಕೌಂಟರಿನಲ್ಲಿ ಗ್ಲಾಸಿಟ್ಟು "ನಾಲ್ಕು ಚಿಪ್ಸ್!" ಎಂದು ಮುನಿರ್ಕಾದ ದನಿಯಲ್ಲೇ ಕೂಗಿದೆ. ಬಿಯರು ಬಗ್ಗಿಸುತ್ತಿದ್ದವನು ಬೆಚ್ಚಿ ನೊರೆ ಚೆಲ್ಲಿದ. ಶನಿವಾರದ ಗದ್ದಲ, ಅವರಲ್ಲಿ ಜನ ಕಡಿಮೆ ಇದ್ದರು. ನಾನು ಯಾರೆಂದು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಒಂದು ಮೇಜು ಒರೆಸಿದರೆ ಇನ್ನೊಂದು ಕರೆಯುತ್ತಿತ್ತು. ಒಬ್ಬಾಕೆಗೆ ನೀರು ಕೊಟ್ಟೆ. ಒಂದು ಮಗು ಅಳುತ್ತಿತ್ತು, ಅದರ ಆಲೂಗಡ್ಡೆಯನ್ನು ನಾನೇ ಹಿಸುಕಿಕೊಟ್ಟೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಎಷ್ಟೋ ತಿಂಗಳ ನಂತರ ನನಗೆ ಅಂದು ಸಂತೋಷವಾಗಿತ್ತು. ತುಂಬಿದ ಮೇಜುಗಳ ನಡುವೆ ಓಡಾಡುವ ಸುಖ ನನ್ನ ಕಾಲಿಗೆ ಮರೆತೇಹೋಗಿತ್ತು. ಕೊನೆಗೆ ಮ್ಯಾನೇಜರು ನನ್ನ ಮುಖ ನೋಡಿ, ಕೈಯ ಟ್ರೇ ನೋಡಿ, ಮತ್ತೆ ಮುಖ ನೋಡಿ, "ಅರೇ ಅಂಕಲ್‌ಜೀ, ಆಪ್ ತೋ ಗೆಸ್ಟ್ ಹೈಂ!" ಎಂದು ಹೌಹಾರಿದಾಗಲೇ ನನಗೂ ಅದು ನೆನಪಾದದ್ದು.

ಮೂಲೆಗೆ ಹೋದೆ. ವಾರಿಜ ಗುಡ್ಡ ನೋಡುತ್ತಿದ್ದಳು. ಗುಡ್ಡ ಆಗಲೇ ಕತ್ತಲಲ್ಲಿ ಕಾಣುತ್ತಿರಲಿಲ್ಲ. ಅವಳ ಪೈ ಮುಗಿದಿತ್ತು, ಬಿಯರೂ ಮುಗಿದಿತ್ತು. ನನ್ನ ಪೈಯ ಮೇಲೆ ಒಂದು ಖಾಲಿ ತಟ್ಟೆಯನ್ನು ಬೋರಲು ಮುಚ್ಚಿದ್ದಳು. ಮನೆಯಲ್ಲೂ ಹೀಗೆಯೇ. ನಾನು ಹೋಟೆಲಿನ ಶಟರು ಎಳೆದು ಹೋಗುವಷ್ಟರಲ್ಲಿ ಅವಳು ಉಂಡಾಗಿರುತ್ತದೆ, ನನ್ನ ಊಟದ ಮೇಲೆ ತಟ್ಟೆ ಬೋರಲಾಗಿರುತ್ತದೆ.

"ಎಂತದೋ ಹೇಳ್ಬೇಕು ಅಂದಿದ್ದೆಯಲ್ಲ?" ಎಂದೆ.

"ಅದಾ? ಎದುರಿಗೆ ಒಬ್ಬರು ಕೂತಿದ್ರೆ ಹೇಳುವ ಮಾತು ಅದು," ಎಂದಳು. "ಈಗ ಉಣ್ಣಿ. ತಣ್ಣಗಾಗಿದೆ."

ಉಂಡೆ. ಅಷ್ಟು ಒಣಕಲು ಪೈಯನ್ನು ನಾನು ಬೇರೆ ಯಾರಲ್ಲಿಯೂ ಕ್ಷಮಿಸುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಟ್ಯಾಕ್ಸಿ ಮಾನೇಸರದ ಕಾರ್ಖಾನೆಗಳನ್ನು ದಾಟುತ್ತಿರುವಾಗ ಅವಳು ಹೊರಗೆ ನೋಡುತ್ತಲೇ, "ಚೌಧರಿಗೆ ಹೂಂ ಅಂದ್ಬಿಡಿ," ಎಂದಳು. ನನಗೆ ನಂಬಿಕೆ ಬರಲಿಲ್ಲ. "ನಿನ್ನ ಮೊಣಕಾಲು?" ಎಂದೆ. "ಅಡಿಗೆಗೆ ಒಬ್ಬರನ್ನು ಇಟ್ಟುಕೊಳ್ಳಿ. ಹೋಟೆಲು ಬಿಡಿಸಿ ಮನೆಯಲ್ಲಿ ಕೂರಿಸಿದ್ರೆ ನೀವು ನನ್ನನ್ನೇ ಗಿರಾಕಿ ಮಾಡಿಕೊಳ್ತೀರಿ. ದಿನಾ ಟೇಬಲ್ ಒರೆಸಿಸಿಕೊಂಡು ಕೂರ್ಲಿಕ್ಕೆ ನಂಗಾಗುವುದಿಲ್ಲ." ನಾನು ನಕ್ಕೆ. ಅವಳು ನಗಲಿಲ್ಲ. "ಆದ್ರೆ ಒಂದು. ಹೊಸ ಜಾಗದ ಮೂಲೆಯಲ್ಲಿ ಇಬ್ಬರು ಕೂರುವ ಟೇಬಲೊಂದು ಹಾಕ್ಸಿ. ಮಧ್ಯಾಹ್ನ ಗಿರಾಕಿ ಇಲ್ಲದಾಗ ನನ್ನ ಜೊತೆ ಕೂತು ಉಣ್ಬೇಕು. ನಾನು ಗೋಡೆಗೆ ಒರಗಿ ಕೂತ್ಕೊಳ್ತೇನೆ. ನೀವು ಗೋಡೆ ನೋಡಿಕೊಂಡು ಕೂರ್ಬೇಕು." ನಾನು ಗೆದ್ದಿದ್ದೆ. ಗೆದ್ದವನಿಗೆ ಇರಬೇಕಾದ ಉಲ್ಲಾಸ ಮಾತ್ರ ಮುನಿರ್ಕಾ ಬಂದರೂ ಬರಲಿಲ್ಲ.

ಹೊಸ ಹೋಟೆಲು ಶುರುವಾಗಿದೆ. ವ್ಯಾಪಾರ ಅಷ್ಟಕ್ಕಷ್ಟೆ. ಮೂಲೆಯ ಟೇಬಲು ಬಂತು, ನಾನು ದೊಡ್ಡಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದು ಬೆನ್ನು ಹಾಕಿ ಕೂತೆ. ಮೊದಮೊದಲು ತುತ್ತು ತುತ್ತಿಗೂ ಕೆನ್ನೆ ಬೆಚ್ಚಗಾಗುತ್ತಿತ್ತು. ಅದಕ್ಕೇ ಒಂದು ದಿನ, ಜಾಗ ಇಕ್ಕಟ್ಟು, ಗೋಡೆಗೊಂದು ಕನ್ನಡಿ ಹಾಕಿಸಿದರೆ ದೊಡ್ಡದಾಗಿ ಕಾಣುತ್ತದೆ ಎಂದೆ. ವಾರಿಜ ನನ್ನನ್ನು ಒಂದು ಕ್ಷಣ ನೋಡಿ, "ಹಾಕ್ಸಿ," ಎಂದಳು. ಕನ್ನಡಿ ಸರಿಯಾಗಿ ಅವಳ ತಲೆಯ ಮೇಲ್ಗಡೆ ಬಂತು. ಬಾಗಿಲು, ಗಲ್ಲಾ, ಎಲ್ಲ ಮೇಜುಗಳೂ ಅದರಲ್ಲಿ ಸೊಗಸಾಗಿ ಕಾಣುತ್ತವೆ.

ಮೊನ್ನೆ ಹಾಗೆಯೇ ಎದುರುಬದುರು ಕೂತು ಉಣ್ಣುತ್ತಿದ್ದೆವು. ಅವಳು ಮೊಸರನ್ನ ಕಲಸುತ್ತ ತಲೆ ತಗ್ಗಿಸಿದ್ದಳು. ಅವಳ ಬೈತಲೆಯ ಎರಡೂ ಬದಿ ಪೂರ್ತಿ ಬೆಳ್ಳಗಾಗಿತ್ತು. ಇದು ಯಾವಾಗ ಆಯಿತು, ನನಗೆ ಹೇಗೆ ಗೊತ್ತಾಗಲಿಲ್ಲ ಎಂದು ನಾನು ಕೈಯ ತುತ್ತು ಹಾಗೆಯೇ ಹಿಡಿದು ನೋಡುತ್ತ ಕೂತುಬಿಟ್ಟೆ. ಅವಳು ತಲೆಯೆತ್ತಿ ನನ್ನ ಕಣ್ಣು ಎಲ್ಲಿದೆಯೆಂದು ನೋಡಿದಳು. ತಲೆಯ ಮೇಲಿನ ಕನ್ನಡಿ ಅವಳಿಗೆ ನೆನಪಾಗಿರಬೇಕು.

"ಯಾರೋ ಬಂದ್ರು ಅಂತ ಕಾಣ್ತದೆ," ಎಂದು ನಿಟ್ಟುಸಿರು ಬಿಟ್ಟು, ನನ್ನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿದಳು. "ಹೋಗಿ, ನೀರಿಟ್ಟು ಬನ್ನಿ."

ಯಾರೂ ಬಂದಿರಲಿಲ್ಲ. ನಾನು ನೋಡಿದ್ದು ನಿನ್ನನ್ನೇ ಎಂದು ಹೇಳಿದರೆ ಅವಳು ನಂಬುವಂತೆ ನಾನು ಬದುಕಿಯೂ ಇರಲಿಲ್ಲ. ಎದ್ದು ಹೋಗಿ, ಖಾಲಿ ಮೇಜೊಂದರ ಮೇಲೆ ನೀರಿಟ್ಟು ಬಂದೆ.